ಎಣಿಕೆ ತುಂಬಿದ ಬಾಯಿ

ನಮ್ಮ ಬೀದಿಯ ರಾಗಿ ಮುದ್ದೆಯನ್ನು ಹೊಸ ಆ್ಯಪ್ ತುಪ್ಪದಲ್ಲಿ ಕಟ್ಟಿದ ಸಿಹಿ ಉಂಡೆ ಎಂದು ಬರೆದುಕೊಂಡಿತು. ತಿದ್ದಿ ಎಂದು ಕೇಳಿಕೊಂಡೆವು. ತೂಕದ ಇಲಾಖೆಯವರು ತಿದ್ದಲಿಲ್ಲ. ಆವತ್ತಿನಿಂದ ನಮ್ಮ ಬೀದಿಯವರ ಬಾಯಿ ಬೆಳಗಿನ ಊಟಕ್ಕೇ ಮುಚ್ಚಿಕೊಳ್ಳತೊಡಗಿತು.

ನಮ್ಮೂರಿನಲ್ಲಿ ಫೋನಿಗೆ ತೋರಿಸದ ಅನ್ನ ಗಂಟಲಿಳಿಯುವುದಿಲ್ಲ. ತಟ್ಟೆ ತೋರಿಸಿದರೆ ಆ್ಯಪ್ ಅದರ ಕ್ಯಾಲೊರಿ ಅಂದಾಜು ಮಾಡಿ ತೋರಿಸಿದವರ ಹೆಸರಿಗೆ ಬರೆದುಕೊಳ್ಳುತ್ತದೆ. ದಿನಕ್ಕೆ ಇಷ್ಟು ಎಂದು ಎಲ್ಲರಿಗೂ ಒಂದೇ ಎಣಿಕೆ. ಮಂಡಿಯಲ್ಲಿ ಮೂಟೆ ಹೊರುವ ನನ್ನ ಗಂಡ ಮರಿಸ್ವಾಮಿಗೂ ಅದೇ, ಮೂಟೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುವ ಯಜಮಾನರಿಗೂ ಅದೇ. ತಟ್ಟೆ ಎಣಿಕೆಯೊಳಗೇ ಇದ್ದರೆ ಉಂಡು ಮುಗಿಸುವವರೆಗೆ ಬಿಡುತ್ತದೆ, ಎಣಿಕೆ ತುಂಬಿದ್ದರೆ ಆಮೇಲೆ ಬಾಯಿ ಮುಚ್ಚುತ್ತದೆ. ಎಣಿಕೆ ಮೀರಿದ ತಟ್ಟೆಯಾದರೆ ತೋರಿಸಿದ ಗಳಿಗೆಯಲ್ಲೇ ತುಟಿಗೆ ತುಟಿ ಅಂಟಿಕೊಳ್ಳುತ್ತದೆ. ನೀರು ಹೀರುವಷ್ಟು ಸಂದು ಒಂದು ಮೂಲೆಯಲ್ಲಿ ಉಳಿಯುತ್ತದೆ, ಆ ಸಂದಿನಲ್ಲಿ ಮಾತು ಬರುವುದಿಲ್ಲ. ಮಾರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಬಾಯಿ ತಾನೇ ಬಿಡುತ್ತದೆ. ನಾನು ಮದುವೆಯಾಗಿ ಬಂದಾಗಲೂ ಊರು ಹೀಗೇ ಇತ್ತು. ಮೊದಲ ದಿನ ಅತ್ತೆ ಬೋರಮ್ಮ ನನಗೆ ಒಲೆ ತೋರಿಸಿದರು, ನೀರಿನ ಹಂಡೆ ತೋರಿಸಿದರು, ಆಮೇಲೆ ಫೋನು ಹಿಡಿಯುವುದು ಹೇಗೆಂದು ತೋರಿಸಿದರು.

ಹಳೆಯ ಆ್ಯಪ್‌ನಲ್ಲಿ ಮುದ್ದೆ ಎಂದೇ ಒಂದು ಗುಂಡಿ ಇತ್ತು. ಒತ್ತಿದರೆ ಮುಗಿಯಿತು. ಹೊಸದು ಹಾಗಲ್ಲ, ಚಿತ್ರ ನೋಡಿ ತಾನೇ ತಿಳಿದುಕೊಳ್ಳುವಷ್ಟು ಜಾಣ. ಕಪ್ಪಗೆ, ದುಂಡಗೆ, ಮೇಲೆ ಹೊಳಪು. ಸಿಹಿ ಉಂಡೆ ಎಂದಿತು. ಸೊಪ್ಪಿನ ಸಾರನ್ನು ನೋಡಿ ಗೋಡಂಬಿ ಅರೆದು ಹಾಕಿದ ಗೊಜ್ಜು ಎಂದಿತು. ಒಂದು ಮುದ್ದೆ, ಒಂದು ಸೌಟು ಸಾರಿಗೆ ದಿನದ ಎಣಿಕೆ ತುಂಬಿಹೋಗುತ್ತಿತ್ತು. ಅಕ್ಕಿಯನ್ನು ಆ್ಯಪ್ ಸರಿಯಾಗಿ ಗುರುತಿಸುತ್ತದೆ, ಆದರೆ ನಮ್ಮ ಮನೆಯಲ್ಲಿ ಅಕ್ಕಿ ತಿಂಗಳ ಮೊದಲ ವಾರ ದಾಟುತ್ತಿರಲಿಲ್ಲ.

ಜನ ಸುಮ್ಮನೆ ಕೂರಲಿಲ್ಲ. ಮೂಲೆಮನೆಯ ಜವರಪ್ಪ, ಪಂಕ್ಚರ್ ಅಂಗಡಿಯವನು, ಮುದ್ದೆಯನ್ನು ತಟ್ಟಿ ಚಪ್ಪಟೆ ಮಾಡಿ ತೋರಿಸಿದ. ಕೇಕು ಎಂದಿತು. ನೀರಲ್ಲಿ ಕರಗಿಸಿ ಅಂಬಲಿ ಮಾಡಿ ತೋರಿಸಿದ. ಚಾಕೊಲೇಟ್ ಹಾಲು ಎಂದಿತು. “ಇಷ್ಟ್ ದಿನ ನಾನು ಬಡವ ಅಂದ್ಕಂಡಿದ್ದೆ ಕಣಣ್ಣ, ಇದ್ರ ಪ್ರಕಾರ ದಿನಾ ಹುಟ್ಟಿದಬ್ಬ ಮಾಡ್ಕತಿವ್ನಿ” ಎಂದು ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಹೇಳಿದ. ಆಮೇಲೆ ಒಂದು ಸಲ, ಮನೆಯ ತಟ್ಟೆಗಳೆಲ್ಲ ತೊಳೆಯಲು ಬಿದ್ದಿದ್ದವೆಂದು, ಮದುವೆ ಮನೆಯಿಂದ ಎರವಲು ತಂದಿದ್ದ ದೊಡ್ಡ ಹರಿವಾಣದಲ್ಲಿ ಮುದ್ದೆ ಇಟ್ಟುಕೊಂಡ. ಆ್ಯಪ್ ಹರಿವಾಣವನ್ನು ಮಾಮೂಲಿ ಅಳತೆಯ ತಟ್ಟೆಯೆಂದು ತಿಳಿದು ಮುದ್ದೆಯನ್ನು ನೆಲ್ಲಿಕಾಯಿ ಗಾತ್ರ ಎಂದು ಲೆಕ್ಕ ಹಾಕಿತು. ಆವತ್ತು ಜವರಪ್ಪ ಮಧ್ಯಾಹ್ನವೂ ಉಂಡ, ಸಂಜೆಯೂ ಉಂಡ, ರಾತ್ರಿಯವರೆಗೂ ಮಾತಾಡಿದ. ವಾರದೊಳಗೆ ನಮ್ಮ ಬೀದಿಯ ಪ್ರತಿ ಮನೆಗೂ ಹರಿವಾಣ ಬಂತು. ಎರಡು ಮನೆಯವರು ಹರಿವಾಣ ಸಿಗದೆ ಮೊರ ತೊಳೆದು ಇಟ್ಟುಕೊಂಡರು. ತಿಂಗಳು ಕಳೆಯುವ ಮೊದಲೇ ಇಲಾಖೆಯವರು ಮನೆಮನೆಗೆ ಮೊಹರು ಒತ್ತಿದ ತಟ್ಟೆ ಹಂಚಿ, ಇನ್ನು ಇದರಲ್ಲಿಟ್ಟರೆ ಮಾತ್ರ ಆ್ಯಪ್ ಒಪ್ಪುತ್ತದೆ ಎಂದರು. ಹರಿವಾಣಗಳಲ್ಲಿ ಈಗ ಮೆಣಸಿನಕಾಯಿ ಒಣಗಿಸುತ್ತೇವೆ.

ನಾನು ಕೆರೆ ಏರಿಯ ಆಚೆ ಬಡಾವಣೆಯಲ್ಲಿ ವಿಮಲಾಕ್ಷಿ ಮೇಡಂ ಮನೆಗೆ ಅಡುಗೆಗೆ ಹೋಗುತ್ತಿದ್ದೆ. ಬಾಯಿ ಮುಚ್ಚಿದ ಮೇಲೆ ಉಪ್ಪು ನೋಡಲಾಗುವುದಿಲ್ಲ. ಸಾರಿನ ಆವಿ ಮೂಗಿಗೆ ಹಿಡಿದು ಅಂದಾಜಿನಲ್ಲಿ ಹಾಕುತ್ತಿದ್ದೆ. ಮೇಡಂ ಒಳ್ಳೆಯವರು, ಮೋಸ ಗೊತ್ತಿಲ್ಲದವರು. ನಾನು ಬಡಿಸಿದ್ದನ್ನು ಹಾಗೆಯೇ ಫೋನಿಗೆ ತೋರಿಸುತ್ತಿದ್ದರು. ಬಿಸಿ ಅನ್ನಕ್ಕೆ ಹಾಕಿದ ತುಪ್ಪ ಅಷ್ಟರಲ್ಲಿ ಅಗುಳಿನ ಸಂದಿನಲ್ಲಿ ಇಳಿದು ತಟ್ಟೆಯ ತಳ ಸೇರಿರುತ್ತಿತ್ತು. ಆ್ಯಪ್‌ಗೆ ಕಾಣುತ್ತಿದ್ದುದು ಬರೀ ಅನ್ನ. ಒಬ್ಬಟ್ಟು ಕಂಡರೆ ಒಣ ಚಪಾತಿ ಎನ್ನುತ್ತಿತ್ತು.

“ನೋಡೇ ಚಿಕ್ಕತಾಯಿ, ಎಷ್ಟು ಕಮ್ಮಿ ತೋರಿಸ್ತಿದೆ. ಇಡೀ ದಿನ ಅರ್ಧ ಎಣಿಕೆನೂ ಆಗಿಲ್ಲ. ಆದ್ರೂ ರವಿಕೆ ಯಾಕೆ ಹಿಡಿಯುತ್ತೆ ಹೇಳು” ಎಂದು ಕೇಳುತ್ತಿದ್ದರು. ನನ್ನ ಬಾಯಿ ಮುಚ್ಚಿರುತ್ತಿತ್ತು. ಅವರೇ ಮುಂದುವರಿಸುತ್ತಿದ್ದರು. “ನಿಮ್ಮ ಕೆಳಬೀದಿಯವರು ಎಷ್ಟು ಚೆಂದ ಇರ್ತೀರಪ್ಪ. ಮಧ್ಯಾಹ್ನದ ಮೇಲೆ ಒಂದು ಸೊಲ್ಲಿಲ್ಲ. ನಮ್ಮನೇಲಿ ಟೀವಿ ನಿಂತ್ರೂ ಬಾಯಿ ನಿಲ್ಲಲ್ಲ.” ಹೊರಡುವಾಗ ಉಳಿದ ಒಬ್ಬಟ್ಟನ್ನು ಕಟ್ಟಿಕೊಡುತ್ತಿದ್ದರು. ಮುಚ್ಚಿದ ಬಾಯಿಯಲ್ಲಿ ಅದನ್ನು ಹೊತ್ತು ತಂದು ಮುಚ್ಚಿದ ಬಾಯಿಗಳಿರುವ ಮನೆಯಲ್ಲಿ ಇಡುತ್ತಿದ್ದೆ.

ತಿಂಗಳಿಗೊಮ್ಮೆ ಊರಿಗೆ ಊರೇ ತೂಕದ ಕಟ್ಟೆ ಹತ್ತಬೇಕು. ಎಲ್ಲರ ತೂಕ ಕೂಡಿಸಿ ಕಟ್ಟೆಯ ಮೇಲಿನ ದೊಡ್ಡ ಬೋರ್ಡಿನಲ್ಲಿ ಹಾಕುತ್ತಾರೆ. ಹೊಸ ಆ್ಯಪ್ ಬಂದ ಮೇಲೆ ಆ ಮೊತ್ತ ಇಳಿಯಿತು, ಮುಂದಿನ ತಿಂಗಳು ಮತ್ತೆ ಇಳಿಯಿತು. ಊರು ಹಗುರಾಗುತ್ತಿದೆ ಎಂದು ಭಾಷಣವಾಯಿತು, ಇಲಾಖೆಗೆ ಹಾರ ಬಿತ್ತು. ಮೂಟೆ ಹೊರುವಾಗ ಮರಿಸ್ವಾಮಿಯ ಕಾಲು ನಡುಗುವುದನ್ನು ಮಂಡಿಯವರು ನೋಡಿದರು. ಕುಡಿದು ಬರಬೇಡ ಎಂದರು. ಅವನು ಕುಡಿಯುವವನಲ್ಲ ಎಂದು ಹೇಳಲು ಅವನ ಬಾಯಿ ತೆರೆದಿರಲಿಲ್ಲ.

ಆಗ ನಾನು ಐದು ತಿಂಗಳ ಬಸುರಿ. ಆರೋಗ್ಯ ಕೇಂದ್ರದ ನರ್ಸಮ್ಮ ಹೊಟ್ಟೆಗೆ ಟೇಪು ಸುತ್ತಿ ನೋಡಿ, ಇನ್ನೊಂದು ಸಲ ಸುತ್ತಿ ನೋಡಿದರು. “ಮಗು ಬೆಳೀತಿಲ್ಲಮ್ಮ. ಹಿಂಗೇ ಆದ್ರೆ ಉಳಿಯೋದು ಕಷ್ಟ. ಊಟ ಜಾಸ್ತಿ ಮಾಡು, ಸ್ವಲ್ಪ ಸ್ವಲ್ಪ ನಾಕೈದು ಸಲ ತಿನ್ನು” ಎಂದರು. ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಟೇಪನ್ನು ಸುರುಳಿ ಸುತ್ತುತ್ತಾ, “ಅದು ನಮ್ಮ ಇಲಾಖೆಗೆ ಬರಲ್ಲ” ಎಂದರು. ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದರು, ಅವರ ಬಾಯಿಯೂ ಮುಚ್ಚಿತ್ತು. ಮನೆ ಮುಟ್ಟುವವರೆಗೆ ಅವರು ನನ್ನ ಮುಖ ನೋಡಲಿಲ್ಲ.

ಅತ್ತೆಯ ತವರಿನಲ್ಲಿ ಮಕ್ಕಳಿಗೆ ತಟ್ಟೆ ಹಾಕುತ್ತಿರಲಿಲ್ಲವಂತೆ. ಒಂದೇ ದೊಡ್ಡ ಪಾತ್ರೆಯಲ್ಲಿ ಕಲಸಿ, ಸುತ್ತ ಕೂತವರ ಅಂಗೈಗೆ ಅಜ್ಜಿ ಕೈತುತ್ತು ಹಾಕುತ್ತಿದ್ದರಂತೆ. ಯಾರಿಗೆ ಎಷ್ಟು ಎಂಬುದು ಅಜ್ಜಿಯ ಕೈಗೆ ಬಿಟ್ಟದ್ದು. ಮಾರನೆಯ ಬೆಳಿಗ್ಗೆ ಅತ್ತೆ ಮಾಮೂಲಿಗಿಂತ ದೊಡ್ಡ ಎಸರಿಟ್ಟು ಮುದ್ದೆ ತಿರುವಿದರು. ಮೂರು ಮುದ್ದೆ ಕಟ್ಟಿ ಮೂರನ್ನೂ ತಮ್ಮ ತಟ್ಟೆಯಲ್ಲೇ ಇಟ್ಟರು. “ಅತ್ತೆ, ಅಷ್ಟೂ ಒಂದೇ ಸಲ ತೋರಿಸಿದ್ರೆ ನಿಮ್ಮ ಬಾಯಿ ಈಗ್ಲೇ ಮುಚ್ಕತದೆ” ಎಂದೆ. “ಮುಚ್ಕಳ್ಲಿ ಬುಡು. ಅರವತ್ತು ವರ್ಸ ಮಾತಾಡಿ ಯಾವ ಕೋಟೆ ಕಟ್ಟಿವ್ನಿ” ಎಂದು ಫೋನು ಹಿಡಿದರು. ತುಟಿ ಅಂಟಿಕೊಂಡಿತು. ಒಂದು ತುತ್ತೂ ಒಳಗೆ ಹೋಗಿರಲಿಲ್ಲ.

ಆಮೇಲೆ ನನ್ನ ತೋಳು ಹಿಡಿದು ಕೂರಿಸಿ, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನನ್ನ ಬಾಯಿಯ ಹತ್ತಿರ ತಂದರು. ತೋರಿಸಿದ ಅನ್ನವಾದ್ದರಿಂದ ಗಂಟಲಿಳಿಯಿತು. ಎಣಿಕೆ ಅವರ ಹೆಸರಿಗೆ, ತುತ್ತು ನನಗೆ. “ನಿಮಗೆ?” ಎಂದು ಕೇಳಿದೆ. ಅವರು ಬೆರಳ ಗಿಣ್ಣಿನಲ್ಲಿ ನನ್ನ ತಲೆಗೆ ಕುಟ್ಟಿ ಮುಂದಿನ ತುತ್ತು ಇಟ್ಟರು. ಉಳಿದದ್ದನ್ನು ಮಧ್ಯಾಹ್ನಕ್ಕೆಂದು ಮುಚ್ಚಿಟ್ಟರು. ಆ ದಿನ ಸಂಜೆ ನಮ್ಮ ಬೀದಿಯಲ್ಲಿ ತೆರೆದಿದ್ದ ಬಾಯಿ ನನ್ನದೊಂದೇ. ಏನು ಮಾತಾಡುವುದೆಂದು ತಿಳಿಯಲಿಲ್ಲ. ಜಗಲಿಯ ಮೇಲೆ ಕೂತು ಹೋಗುವವರಿಗೆಲ್ಲ ಊಟ ಆಯಿತು, ಊಟ ಆಯಿತು ಎಂದು ಹೇಳುತ್ತಿದ್ದೆ.

ಅತ್ತೆ ಮತ್ತೆರಡು ದಿನ ಹಾಗೆಯೇ ಮಾಡಿದರು. ಮೂರನೆಯ ದಿನ ನೀರಿನ ಕೊಡ ಇಳಿಸುವಾಗ ಕುಸಿದು ಕೂತುಬಿಟ್ಟರು. ಬೀದಿಯವರಿಗೆ ಆಗ ಗೊತ್ತಾಯಿತು. ಯಾರೂ ಸಭೆ ಸೇರಲಿಲ್ಲ. ಮಾರನೆಯ ಬೆಳಿಗ್ಗೆ ಎದುರುಮನೆಯ ಪುಟ್ಟಮಾದಿ ಅತ್ತಿಗೆ ತನ್ನ ತಟ್ಟೆ ತಂದು ನಮ್ಮ ಹೊಸ್ತಿಲಲ್ಲಿಟ್ಟು ಫೋನಿಗೆ ತೋರಿಸಿದಳು. ಅದರ ಮಾರನೆಯ ದಿನ ಜವರಪ್ಪ ಬಂದ. ಹೀಗೆ ದಿನಕ್ಕೊಂದು ಮನೆಯಂತೆ ಸರದಿ ಆಯಿತು. ನಲ್ಲಿಯ ಹತ್ತಿರ ಬೆಳಗಿನ ಮಾತು “ಇವತ್ತು ಯಾರ ಬಾಯಿ?” ಎಂಬುದು. “ಇವತ್ತು ನಂದು ಕಣವ್ವ” ಎನ್ನುತ್ತಿದ್ದ ಜವರಪ್ಪ. “ನೋಡ್ತಿರು, ನಿನ್ ಮಗ ನನ್ನಂಗೇ ವಾಚಾಳಿ ಆಯ್ತಾನೆ. ನನ್ ಬಾಯಿ ತಿಂದ್ಕಂಡೇ ಬೆಳೀತಾವ್ನೆ.” ಪುಟ್ಟಮಾದಿ ಅತ್ತಿಗೆ ಬಿಂದಿಗೆ ಸರಿಸುತ್ತಾ, “ಅಂಗಾದ್ರೆ ನಿನ್ ಸರದಿ ತಪ್ಪುಸ್ಬೇಕು ಕಣ ಜವರಣ್ಣ, ಒಬ್ಬ ಸಾಕು ಬೀದಿಗೆ” ಎಂದಳು.

ನರ್ಸಮ್ಮನ ಟೇಪು ಮುಂದಿನ ಸಲ ಉದ್ದ ತೋರಿಸಿತು. ಹೊಟ್ಟೆಯಲ್ಲಿ ಒದೆತ ಶುರುವಾಯಿತು. ಅದೇ ತಿಂಗಳು ತೂಕದ ಕಟ್ಟೆ ಹತ್ತಿದಾಗ ಯಂತ್ರ ಕೂಗಿಕೊಂಡಿತು. ಗುಮಾಸ್ತ ನನ್ನನ್ನು ಪಕ್ಕಕ್ಕೆ ನಿಲ್ಲಿಸಿದ.

“ಆ್ಯಪ್ ಪ್ರಕಾರ ಈ ತಿಂಗಳು ನೀನು ಹೆಚ್ಚುಕಮ್ಮಿ ಏನೂ ತಿಂದಿಲ್ಲ. ಈ ತೂಕ ಎಲ್ಲಿಂದ ಬಂತು?”

“ಹೊಟ್ಟೇಲಿ ಮಗು ಐತೆ ಸ್ವಾಮಿ.”

“ಮಗು ಏನು ಗಾಳಿ ಕುಡಿದು ಬೆಳೀತಾ?”

“ಆ್ಯಪ್ ತಪ್ಪು ಇರಬೌದಲ್ವ ಸ್ವಾಮಿ?”

ಅವನು ನಕ್ಕ. “ಆ್ಯಪ್ ತಪ್ಪಾಗಿದ್ರೆ ಊರು ಹಗುರಾಗ್ತಿತ್ತಾ? ಬೋರ್ಡ್ ನೋಡು.”

ನಾನು ಬೋರ್ಡು ನೋಡಿದೆ. ಮೊತ್ತ ಈ ಸಲವೂ ಇಳಿದಿತ್ತು.

ಹೇಗೋ ಕೈತುತ್ತಿನ ಸುದ್ದಿ ಹಿಡಿದು ವಾರದೊಳಗೆ ಇಲಾಖೆಯವರು ಬೀದಿಗೆ ಬಂದು ಆದೇಶ ಓದಿದರು. ಎಣಿಕೆಯಲ್ಲಿ ಕಾಣದ ತೂಕ ಕಳವಿಗೆ ಸಮ. ಇನ್ನು ಮೇಲೆ ಕೈತುತ್ತು ಕೂಡದು, ಒಬ್ಬರ ತಟ್ಟೆಯ ತುತ್ತು ಇನ್ನೊಬ್ಬರಿಗೆ ಹೋದರೆ ಇಬ್ಬರ ಬಾಯಿಯೂ ಮೂರು ದಿನ ತೆರೆಯುವುದಿಲ್ಲ. ಚಿಕ್ಕತಾಯಿ ಎಂಬಾಕೆ ಮುಂದಿನ ಸಲ ಕಟ್ಟೆ ಹತ್ತುವುದರೊಳಗೆ ತನ್ನ ತೂಕವನ್ನು ಆ್ಯಪ್ ಹೇಳಿದ ಮಟ್ಟಕ್ಕೆ ಇಳಿಸತಕ್ಕದ್ದು. ಆಕ್ಷೇಪಣೆ ಇದ್ದವರು ಶುಕ್ರವಾರ ಸಂಜೆ ಇಲಾಖೆಯ ಸಭಾಂಗಣಕ್ಕೆ ಬಂದು ಬಾಯಿಮಾತಿನಲ್ಲಿ ಹೇಳಬಹುದು. ಬರವಣಿಗೆ, ಕೈಸನ್ನೆ ಸ್ವೀಕರಿಸಲಾಗುವುದಿಲ್ಲ.

ಓದಿದ್ದು ಮಧ್ಯಾಹ್ನ. ಬೀದಿಯಲ್ಲಿ ಕೇಳಿಸಿಕೊಂಡವರೆಲ್ಲ ಬಾಯಿ ಮುಚ್ಚಿದವರು. ಯಾರಿಗೂ ಪ್ರಶ್ನೆ ಇಲ್ಲ ತಾನೇ ಎಂದು ಕೇಳಿ ಅವರು ಹೊರಟುಹೋದರು. ಸಂಜೆಯ ಸಭೆಯಲ್ಲಿ ಮಾತಾಡಬೇಕಾದರೆ ಬೆಳಗಿನಿಂದ ಉಣ್ಣಬಾರದು. ಅತ್ತೆ ಮತ್ತು ಜವರಪ್ಪ ಉಪವಾಸ ಇರುವುದೆಂದಾಯಿತು. ಶುಕ್ರವಾರ ಬೆಳಿಗ್ಗೆ ಮರಿಸ್ವಾಮಿ ತನ್ನ ಮುದ್ದೆ ಉಣ್ಣುವ ಮೊದಲು ಅತ್ತೆಗೆ ಹೇಳಿದ, “ಹೋಗ್ಬ್ಯಾಡ ಕಣವ್ವ. ಅವ್ರು ಕೇಳಾಕಿಲ್ಲ. ಹೊಟ್ಟೆಗಿಲ್ದೆ ಅಲ್ಲಿಗಂಟ ನಡ್ಕಂಡೋಗಿ ಬಿದ್ದುಗಿದ್ದೀಯ.”

“ಬಿದ್ರೆ ಎತ್ಕಂಡ್ ಬರಾಕೆ ನೀನಿದ್ದೀಯಲ್ಲ. ಮೂಟೆ ಹೊರೋನು.”

“ತಮಾಸೆ ಅಲ್ಲ ಕಣವ್ವ.”

“ತಮಾಸೆ ಅಂತ ನಾನೂ ಅನ್ಲಿಲ್ಲ. ಅವಳ ಹೊಟ್ಟೆ ಇಳುಸ್ಬೇಕಂತೆ. ಅದ್ಹೆಂಗ್ ಇಳುಸ್ತರೆ ಅಂತ ಕೇಳ್ಕಂಡ್ ಬರಾಕ್ ಹೋಯ್ತಿವ್ನಿ.”

ನನಗೆ ಮಾತ್ರ ಉಪವಾಸ ಬೇಡವೆಂದು ಅವರೇ ಒಂದು ಮುದ್ದೆ ಇಟ್ಟು, ನನ್ನ ಹೆಸರಿಗೇ ತೋರಿಸಿ, ಉಣ್ಣಿಸದೆ ಎದುರಿಗೆ ಕೂತು ನೋಡಿದರು. ಉಂಡು ಮುಗಿಸಿದೆ. ಬಾಯಿ ಮುಚ್ಚಿತು. ಹಾಗಾಗಿ ಆ ಸಂಜೆ ಸಭಾಂಗಣದಲ್ಲಿ ನಡೆದದ್ದನ್ನು ನಾನು ನೋಡಿದ್ದೇನೆ, ಕೇಳಿದ್ದೇನೆ, ಒಂದು ಮಾತೂ ಆಡಿಲ್ಲ.

ಸಭಾಂಗಣ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಬಡಾವಣೆಯವರು. ಅವರ ಎಣಿಕೆ ಇನ್ನೂ ಉಳಿದಿತ್ತು, ಗಲಗಲ ಮಾತಾಡುತ್ತಿದ್ದರು. ವಿಮಲಾಕ್ಷಿ ಮೇಡಂ ನನ್ನನ್ನು ಕಂಡು ಕೈಬೀಸಿದರು. ಹಿಂದಿನ ಸಾಲುಗಳಲ್ಲಿ ನಮ್ಮ ಬೀದಿ, ಸದ್ದಿಲ್ಲದೆ. ವೇದಿಕೆಯ ಮೇಲೆ ತೂಕದ ಸಾಹೇಬರು, ಪಕ್ಕದಲ್ಲಿ ಅದೇ ಗುಮಾಸ್ತ. ಸಾಹೇಬರು ಗಟ್ಟಿಯಾಗಿ ಮಾತಾಡುವವರಲ್ಲ. ಎಲ್ಲರಿಗೂ ಕೂರಿ, ಕೂರಿ ಎನ್ನುತ್ತಿದ್ದರು.

ಮೊದಲು ಜವರಪ್ಪ ಎದ್ದ. ಹಸಿವಿಗೆ ಕಣ್ಣು ಒಳಗೆ ಹೋಗಿತ್ತು, ನಾಲಗೆಗೆ ಏನೂ ಆಗಿರಲಿಲ್ಲ. “ಸ್ವಾಮಿ, ನಮ್ ಮುದ್ದೇಲಿ ತುಪ್ಪ ಐತೆ ಅಂತದೆ ನಿಮ್ ಆ್ಯಪ್ಪು. ಎಲ್ಲೈತೆ ಅಂತ ಒಸಿ ತೋರುಸ್ಲಿ. ಹಿಂಡ್ಕಂಡೋಗಿ ಮಾದಪ್ಪನ ಗುಡೀಲಿ ದೀಪ ಹಚ್ತೀನಿ.” ಮುಂದಿನ ಸಾಲಿನವರೂ ನಕ್ಕರು. ಸಾಹೇಬರೂ ನಕ್ಕರು.

“ಚೆನ್ನಾಗಿ ಮಾತಾಡ್ತೀರಿ. ಸಂಜೆಯಾದ್ರೂ ನಿಮ್ಮ ಬಾಯಿ ತೆರೆದೇ ಇದೆ. ಅಂದ್ರೆ ನಿಮ್ಮ ಎಣಿಕೆ ತುಂಬಿಲ್ಲ. ಮತ್ತೆ ತೊಂದರೆ ಏನು?”

“ಉಂಡಿಲ್ಲ ಸ್ವಾಮಿ, ಅದಕ್ಕೇ ತುಂಬಿಲ್ಲ.”

“ಉಣ್ಣಬೇಡಿ ಅಂತ ಇಲಾಖೆ ಯಾವತ್ತೂ ಹೇಳಿಲ್ಲ” ಎಂದ ಸಾಹೇಬರು ಗುಮಾಸ್ತನ ಕಡೆ ನೋಡಿದರು. ಒಳಗಿನಿಂದ ತಟ್ಟೆ ಬಂತು. ಎರಡು ಮುದ್ದೆ, ಬಸ್ಸಾರು, ಹಬೆಯಾಡುತ್ತಿತ್ತು. ಯಾರು ಮಾಡಿದ್ದರೋ, ಕೈ ಪಳಗಿದವರದೇ. ನಮ್ಮ ಸಾಲುಗಳಲ್ಲಿ ಎಲ್ಲರ ಮೂಗೂ ಅತ್ತ ತಿರುಗಿತು. “ಎಲ್ಲರೆದುರು ಪರೀಕ್ಷೆ ಆಗಿಬಿಡಲಿ. ನೀವೇ ತೋರಿಸಿ, ನೀವೇ ಉಣ್ಣಿ.”

ಜವರಪ್ಪ ತಟ್ಟೆ ನೋಡಿ, ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿಕೊಂಡ. “ಈಗ ಎಲ್ರೂ ನೋಡ್ಕಳಿ, ಇದನ್ನ ಇದು ಏನಂತದೆ ಅಂ—” ಎನ್ನುತ್ತಾ ಫೋನು ಹಿಡಿದ. ಎರಡು ಸಿಹಿ ಉಂಡೆ, ಎಣಿಕೆ ಮೀರಿತ್ತು. ಮಾತು ಅಲ್ಲೇ ತುಂಡಾಯಿತು. ಮುರಿದ ತುತ್ತು ಅವನ ಕೈಯಲ್ಲೇ ಉಳಿಯಿತು.

“ಬೇರೆ ಏನಾದ್ರೂ ಹೇಳೋದಿದೆಯಾ ಜವರಪ್ಪನವರೇ?” ಸಾಹೇಬರು ಕೇಳಿದರು. ಜವರಪ್ಪ ತನ್ನ ಬಾಯಿ ತೋರಿಸಿದ, ತಟ್ಟೆ ತೋರಿಸಿದ. “ಕೈಸನ್ನೆ ಆಗೋದಿಲ್ಲ. ಬಾಯಲ್ಲಿ ಹೇಳಿ.” ಸ್ವಲ್ಪ ಕಾದರು. ನಿಜಕ್ಕೂ ಕಾದರು. ಆಮೇಲೆ ಗುಮಾಸ್ತನಿಗೆ, “ಆಕ್ಷೇಪಣೆ ಇಲ್ಲ ಅಂತ ಬರ್ಕೊಳ್ಳಿ. ಎಣಿಕೆ ಸರಿಯಾಗಿ ಕೆಲಸ ಮಾಡ್ತಿದೆ ಅಂತಾನೂ ಬರ್ಕೊಳ್ಳಿ” ಎಂದರು. ಜವರಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಬಂದು ನನ್ನ ಪಕ್ಕ ಕೂತ. ಅವನ ಬೆರಳುಗಳಲ್ಲಿ ಸಾರು ಒಣಗುತ್ತಿತ್ತು.

ಅತ್ತೆಯನ್ನು ಕರೆದರು. ಅವರು ಸೆರಗು ಸಿಕ್ಕಿಸಿಕೊಂಡು, ಕುರ್ಚಿಯ ಬೆನ್ನು ಹಿಡಿದು ನಿಂತರು. ಅವರು ಬಾಯಿ ತೆರೆಯುವ ಮೊದಲೇ ಹೊಸ ತಟ್ಟೆ ಮೇಜಿನ ಮೇಲೆ ಬಂತು. ಎರಡು ಮುದ್ದೆ.

“ನನ್ ಸೊಸೆ ಆರು ತಿಂಗಳ ಬಸ್ರಿ” ಎಂದರು ಅತ್ತೆ. “ಅವಳು ಕಳ್ಳತನ ಮಾಡಿಲ್ಲ. ನಾವು ಕೊಟ್ವು, ಅವಳು ಉಂಡಳು. ಈಗ ಇಳೀಬೇಕು ಅಂತೀರಿ. ಅವಳ ಮೈಯಲ್ಲಿ ಇಳಿಯಾಕೆ ಉಳಿದಿರಾದು ಆ ಕೂಸೊಂದೇಯ.”

“ಅಮ್ಮ, ಮೊದಲು ಪರೀಕ್ಷೆ. ಮಾತು ಆಮೇಲೆ.”

“ಆಮೇಲೆ ಅಂದ್ರೆ ಯಾವಾಗ ಸ್ವಾಮಿ?”

“ಪರೀಕ್ಷೆ ಆದ ತಕ್ಷಣ.”

ಹಿಂದಿನ ಸಾಲುಗಳಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ನಮಗೆ ಹಾಗೆ ಮಾತ್ರ ನಗಲು ಬರುತ್ತಿತ್ತು.

“ಊರು ಹಗುರಾಯ್ತು ಅಂತ ಬೋರ್ಡ್ ಹಾಕಿದ್ದೀರಿ” ಎಂದರು ಅತ್ತೆ. “ಯಾರ್ ಮೈಯಿಂದ ಹೋಯ್ತು ಅಂತ ಹಾಕಿಲ್ಲ. ಇಲ್ಲೇ ಇದ್ದೀವಿ ನಾವು. ಹಿಂದ್ಗಡೆ ಸಾಲು ಒಸಿ ತಿರುಗ್ ನೋಡಿ. ಮುಂದ್ಗಡೆ ಸಾಲೂ ನೋಡಿ.”

ಸಾಹೇಬರು ಫೋನನ್ನು ತಾವೇ ಎತ್ತಿ ಅತ್ತೆಯ ಕೈಗೆ ಕೊಟ್ಟರು. “ಅಮ್ಮ, ಬೆಳಗಿನಿಂದ ಹಸಿದಿದ್ದೀರಿ. ನಾವು ಕಟುಕರಲ್ಲ. ಆರಿಹೋಗುತ್ತೆ, ತೋರಿಸಿ, ಉಣ್ಣಿ.”

“ಹೌದು ಬೋರಮ್ಮ, ಪಾಪ, ಉಂಡ್ಬಿಡಿ” ಎಂದರು ವಿಮಲಾಕ್ಷಿ ಮೇಡಂ. ಅವರ ದನಿಯಲ್ಲಿ ನಿಜವಾದ ಕನಿಕರ ಇತ್ತು. ಪಕ್ಕದವರೂ ಉಣ್ಣಿ, ಉಣ್ಣಿ ಎಂದರು. ಹಟ ಯಾಕೆ ಎಂದರು ಇನ್ನೊಬ್ಬರು. ಗುಮಾಸ್ತ ಪೆನ್ನು ಹಿಡಿದು ಕಾಯುತ್ತಿದ್ದ, ಅವನು ಬರೆಯಬೇಕಾದ ಎರಡು ಪದ ಅವನಿಗೆ ಆಗಲೇ ಗೊತ್ತಿತ್ತು.

ಅತ್ತೆ ಮುದ್ದೆಯನ್ನು ನೋಡಿದರು. ಫೋನನ್ನು ಮೇಜಿನ ಮೇಲೆ ಮಕಾಡೆ ಮಲಗಿಸಿ, ತಟ್ಟೆಯನ್ನು ಅಂಗೈಯಿಂದ ಸಾಹೇಬರ ಕಡೆಗೆ ದೂಡಿದರು.

“ಉಣ್ಣಾಕಿಲ್ಲ” ಎಂದರು. “ನಾನು ಹೇಳಾದು ಇನ್ನೂ ಐತೆ. ಬರ್ಕಳಿ.”